ರಾಯಭಾರಿಯ ರಾಜಭೋಗ

ಓದಲೆಂದು ಪರದೇಶಕ್ಕೆ ಬಂದು ಪರರ ಮನೆಯಲ್ಲಿ ಇಳಿದುಕೊಂಡ ಹುಡುಗಿಗೆ ಮೊದಲ ದಿನವೇ ಗೊತ್ತಾಯಿತು, ಈ ಮನೆಯ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆಂದು. ಕಾರಣ ಅಡುಗೆಮನೆಯ ಗೋಡೆ. ಅಂಕಲ್ ಪೇಂಟರ್. ಆಸ್ಪತ್ರೆಯೊಂದರ ಕೆಲಸದಲ್ಲಿ ಮಿಕ್ಕಿದ ಹಸಿರು ಬಣ್ಣವನ್ನು ಆಂಟಿ ಇಲ್ಲದ ಹೊತ್ತು ನೋಡಿ ಬಳಿದುಬಿಟ್ಟಿದ್ದರು. (ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿ.)

ಊಟದ ಮೇಜಿನಲ್ಲಿ ಹುಡುಗಿಗೆ ನಡುವಿನ ಕುರ್ಚಿ.

"ಆ ಕಡೆ ಕೂತಿರೋರಿಗೆ ಹೇಳಮ್ಮ, ಕೈಗೆ ಬಣ್ಣ ಮೆತ್ಕೊಂಡಿದೆ, ತೊಳ್ಕೊಂಡು ಬರಲಿ."

ಅಂಕಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅದು ಬಣ್ಣ ಅಲ್ಲ, ಮಚ್ಚೆ. ಮದುವೆಗೆ ಮುಂಚಿಂದ ಇದೆ. ನೋಡೋಕೆ ಅವಳಿಗೆ ಪುರುಸೊತ್ತು ಎಲ್ಲಿತ್ತು, ಕೇಳು."

ಇಬ್ಬರಿಗೂ ತಮ್ಮ ಕಡೆಗೊಂದು ಸಾಕ್ಷಿ ಬೇಕಿತ್ತು. ಹಾಗಾಗಿ ಆಂಟಿ ಅವಳಿಗೆ ಎರಡು ಸಲ ಬಡಿಸಿದರು. ಅಂಕಲ್ ತಮ್ಮ ಕೋಣೆಯ ಹೀಟರನ್ನೇ ತಂದು ಅವಳ ಮಂಚದ ಪಕ್ಕ ಇಟ್ಟರು. ಬಚ್ಚಲಿನಲ್ಲಿ ಎಷ್ಟು ಹೊತ್ತು ಹಾಡಿದರೂ ಕೇಳುವವರಿಲ್ಲ. ವರ್ಷವೆಲ್ಲ ಹೀಗೇ ಕಳೆದರೆ ಸಾಕು ಎಂದುಕೊಂಡಳು.

ಆದರೆ ಹೊಟ್ಟೆ ತುಂಬಿದವರಿಗೆ ಲೋಕೋದ್ಧಾರದ ಚಪಲ. ಒಂದು ಸಂಜೆ ಆಂಟಿ ಒಬ್ಬರೇ ಕೂತು ಅಂಕಲ್ ಅಂಗಿಗೆ ಗುಂಡಿ ಹೊಲಿಯುತ್ತಿದ್ದದ್ದನ್ನು ಕಂಡು ಅವಳಿಗೆ ನಿಜಕ್ಕೂ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಹಿತ್ತಲಿನಿಂದ ಕೆಮ್ಮು ಕೇಳಿಸಿತು.

"ಹೋಗಿ ಹೇಳು ಆ ಮಹಾನುಭಾವರಿಗೆ, ಕೆಮ್ಮೋದಾದ್ರೆ ಬೀದಿ ಕೊನೇಗೆ ಹೋಗಿ ಕೆಮ್ಮಲಿ."

ಹುಡುಗಿ ಹಿತ್ತಲಿಗೆ ಹೋಗಿ, "ಅಂಕಲ್, ನಿಮ್ಮ ಕೆಮ್ಮು ಕೇಳಿದ್ರೆ ಆಂಟಿಗೆ ಸಂಕಟ ಆಗುತ್ತಂತೆ" ಎಂದಳು.

ಬ್ರಷ್ ತೊಳೆಯುತ್ತಿದ್ದ ಕೈ ನಿಂತಿತು. "ಹಾಗಂದ್ಲಾ? ಯಾವ ಬಣ್ಣ ಬೇಕೋ ಅವಳೇ ಹೇಳಲಿ."

ಮರುದಿನ ಅಡುಗೆಮನೆ ಹಳದಿಯಾಯಿತು. ಅಂಕಲ್ ಸ್ಟೂಲ್ ಹತ್ತಿದ್ದರು, ಆಂಟಿ ಸ್ಟೂಲ್ ಹಿಡಿದಿದ್ದರು. ಎರಡು ದೇಶಗಳ ಯುದ್ಧ ನಿಲ್ಲಿಸಿದ ಹೆಮ್ಮೆಯಲ್ಲಿ ಹುಡುಗಿಯ ಎದೆ ಉಬ್ಬಿತು.

ಶಾಂತಿ ಸ್ಥಾಪನೆಯಾದ ಮೇಲೆ ಆ ಇಬ್ಬರಿಗೂ ನೋಡಲು ಅವಳಲ್ಲದೆ ಬೇರೆ ಏನೂ ಉಳಿಯಲಿಲ್ಲ.

"ಬಚ್ಚಲಿಗೆ ಹೋದ್ರೆ ಇವಳು ಈಚೆಗೇ ಬರಲ್ಲ ಕಣೇ."

"ಹೂಂ ರೀ, ರೂಮಲ್ಲಿ ಲೈಟು ಹಗಲೂ ಉರೀತಿರುತ್ತೆ."

ಹೀಟರ್ ತವರಿಗೆ ಮರಳಿತು. ಎರಡನೇ ಸಲದ ಬಡಿಸುವಿಕೆ ನಿಂತಿತು. ನಡುಗುತ್ತ ಎರಡು ರಾತ್ರಿ ಕಳೆದ ಹುಡುಗಿ, ತಾನೇ ಕಟ್ಟಿದ ಶಾಂತಿಗೆ ತಾನೇ ಕೊಳ್ಳಿ ಇಡಲು ನಿರ್ಧರಿಸಿದಳು.

"ಆಂಟಿ, ಅಂಕಲ್ ಹೇಳ್ತಿದ್ರು, ಈ ಹಳದಿ ನೋಡಿದ್ರೆ ಕಾಮಾಲೆ ನೆನಪಾಗುತ್ತಂತೆ."

ಆಂಟಿ ಸೀದಾ ಗಂಡನ ಮುಂದೆ ಹೋಗಿ ನಿಂತು ಕೇಳಿಬಿಟ್ಟರು. ಮಾತು ಬಿಟ್ಟವರ ಮನೆಯಲ್ಲಿ ನಡೆಯುವ ಕಸುಬು, ಮಾತಾಡುವವರ ಮನೆಯಲ್ಲಿ ನಡೆಯುವುದಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಆಂಟಿ ಅಂದರು, "ರೀ, ಅವಳಿಗೆ ಹೇಳಿ, ಚಾಡಿ ಹೇಳೋರ ಜೊತೆ ನಾನು ಮಾತಾಡಲ್ಲ."

ಅಂಕಲ್ ಮೊಳ ದೂರದಲ್ಲಿದ್ದ ಹುಡುಗಿಯ ಕಡೆ ತಿರುಗಿ, "ನಿನ್ನ ಜೊತೆ ಮಾತಾಡಲ್ವಂತಮ್ಮ" ಎಂದರು.

"ತಪ್ಪಾಯ್ತು ಅಂತ ಹೇಳಿ ಅಂಕಲ್."

ಆಂಟಿ ಗಂಡನ ಕಿವಿಯಲ್ಲಿ ಏನೋ ಉಸುರಿದರು. ಅಂಕಲ್ ಗಂಭೀರವಾಗಿ ತಲೆದೂಗಿದರು. "ಒಂದು ವಾರ ಪಾತ್ರೆ ತೊಳೆದ್ರೆ ಯೋಚನೆ ಮಾಡ್ತಾಳಂತೆ."

ಆ ವಾರ ಪಾತ್ರೆ ತೊಳೆಯುವ ಸರದಿ ಅಂಕಲ್‌ರದು ಎಂಬುದು ಹುಡುಗಿಗೆ ಗೊತ್ತಾದದ್ದು ಮೊಣಕೈವರೆಗೆ ಸೋಪು ಹತ್ತಿದ ಮೇಲೆ.