ಗೌಡ್ರ ಮಗ ಮಿಲಿಟರಿಗೆ ಹೋದ ವರ್ಷ

ಪೋಸ್ಟಾಫೀಸಿನ ಕಿಟಕಿಯ ಹಿಂದೆ ಇಪ್ಪತ್ತು ವರ್ಷ ಕೂತವನಿಗೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅವೇ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ನಾನು ಸಿದ್ದಾಪುರದ ಕಡೆಯವನು. ತೊಂಬತ್ತರ ದಶಕದ ಕೊನೆಗೆ ದಾಸನಕೊಪ್ಪದ ಆಚೆಯ ಒಂದು ಊರಿಗೆ ಪೋಸ್ಟ್ ಮಾಸ್ತರನಾಗಿ ಹೋದೆ. ಆ ವರ್ಷವೇ ಅಲ್ಲಿಯ ಗೌಡ್ರೊಬ್ಬರ ಒಬ್ಬನೇ ಮಗ ಮಿಲಿಟರಿಗೆ ಸೇರಿ, ಒಂಬತ್ತು ತಿಂಗಳ ತರಬೇತಿಗೆ ಜಬಲ್ಪುರದ ಕಡೆ ಹೋದ. ಹುಡುಗ ಅಲ್ಲಿ ಎಷ್ಟು ಕಷ್ಟಪಟ್ಟನೋ ನನಗೆ ಗೊತ್ತಿಲ್ಲ. ಗೌಡ್ರು ಪಟ್ಟ ಕಷ್ಟಕ್ಕೆ ನಾನೇ ಸಾಕ್ಷಿ.

೧. ಹಿಂಡಿ ಚೀಲ

ಮಗ ಹೋದ ದಿನವೇ ಗೌಡ್ರು ಚಾದಂಗಡಿಯಲ್ಲಿ ಸಾರಿಬಿಟ್ಟರು: "ಮೂರು ದಿನ ತಡೀರಿ. ಎಂಟಕ್ಕ ಏಳೋ ಮಗ ಅಂವ. ನಾಲ್ಕಕ್ಕ ಎಬ್ಬಿಸಿ ಓಡಿಸಿದ್ರ ಸೀದಾ ಊರಿಗೇ ಓಡಿ ಬರ್ತಾನ."

ನಾಲ್ಕನೆಯ ದಿನ ಹತ್ತು ಗಂಟೆಯ ಶಿರಸಿ ಬಸ್ಸಿಗೆ ಟಪಾಲು ಚೀಲ ಇಳಿಸಿಕೊಳ್ಳಲು ಹೋದೆ. ಗೌಡ್ರು ಆಗಲೇ ನಿಂತಿದ್ದರು.

"ಎಂತ ಗೌಡ್ರೇ, ಯಾರು ಬರ್ತಾರೆ?"

"ಯಾರಿಲ್ಲರಿ. ಶಿರಸಿಯಿಂದ ಒಂದು ಹಿಂಡಿ ಚೀಲ ಬರೋದೈತಿ."

ಹಿಂಡಿ ಚೀಲಕ್ಕೆ ಕಾಯುವವರು ಬಸ್ಸಿನ ಟಾಪ್ ನೋಡಬೇಕಪ್ಪ. ಇವರು ಒಂದೊಂದೇ ಕಿಟಕಿಯಲ್ಲಿ ಇಣುಕುತ್ತಿದ್ದರು. ಹದಿನೈದು ದಿನ ಹೀಗೇ ನಡೆಯಿತು. ನನ್ನ ಬಾಯಿ ಸುಮ್ಮನಿರುವುದಲ್ಲ, ಕೇಳಿಯೇಬಿಟ್ಟೆ: "ಹಿಂಡಿ ಬರದಿದ್ರೆ ನಿಮ್ಮ ದನ ಎಂತ ತಿಂತವೆ ಗೌಡ್ರೇ?"

"ದನಕ್ಕೇನ್ರಿ ಮಾಸ್ತರ್ರ, ಹುಲ್ಲಾದ್ರೂ ತಿಂದಾವು. ಅಂವ ಅಲ್ಲಿ ಏನ್ ತಿಂತಾನ್ರಿ?"

೨. ಎತ್ತಿಗೂ ಹೆಸರೈತಿ

ಕೊನೆಗೆ ಮಗನ ಕಾಗದ ಬಂತು. ಕೆಳಗೆ ಉತ್ತರ ಬರೆಯಬೇಕಾದ ವಿಳಾಸ: ಮೊದಲು ಒಂದು ಮಾರುದ್ದದ ನಂಬರು, ಆಮೇಲೆ ಹೆಸರು. ಗೌಡ್ರಿಗೆ ಸಿಟ್ಟು ನೆತ್ತಿಗೇರಿತು.

"ನಮ್ಮ ಎತ್ತಿಗೂ ಹೆಸರೈತ್ರಿ ಮಾಸ್ತರ್ರ! ನನ್ನ ಮಗಗ ನಂಬರಾ? ನಂಬರ್ ಬರೀಬ್ಯಾಡ್ರಿ. ನಾ ಹೇಳ್ದಂಗ ಬರೀರಿ."

ಇಂಥವರ ಮೊಮ್ಮಗ, ಇಂಥವರ ಮಗ, ಇಂಥ ಮನೆತನ, ಕೆರೆ ಮಗ್ಗುಲಿನ ಹೆಂಚಿನ ಮನೆ ಎಂದೆಲ್ಲ ಇಂಗ್ಲಿಷಿನಲ್ಲಿ ಬರೆಸಿದರು. ಕವರಿನಲ್ಲಿ ಸ್ಟ್ಯಾಂಪಿಗೆ ಜಾಗ ಉಳಿದದ್ದೇ ಹೆಚ್ಚು. ಅವರು ಹೋದಮೇಲೆ ಮೂಲೆಯಲ್ಲಿ ಸಣ್ಣಗೆ ನಂಬರನ್ನೂ ಬರೆದೆ, ಇಲ್ಲವಾದರೆ ಅದು ಮುಟ್ಟುತ್ತಿರಲಿಲ್ಲ.

ಮಗನ ಮರು ಕಾಗದವನ್ನು ಗೌಡ್ರು ನನ್ನಿಂದಲೇ ಓದಿಸಿದರು. "ಅಪ್ಪಾ, ನಿಮ್ಮ ಕವರ್ ನೋಡಿ ನಮ್ಮ ಹವಾಲ್ದಾರರು ಇದು ಲಗ್ನಪತ್ರಿಕೆ ಅಂತ ತಿಳಿದರು. ಮದುವಿ ಯಾವತ್ತು ಅಂತ ದಿನಾ ಕೇಳ್ತಾರ."

೩. ಧೋತರ

ಆಗ ಪಾರ್ಸೆಲ್ಲನ್ನು ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಹಾಕಬೇಕಿತ್ತು. ಗೌಡ್ರ ಹೆಂಡತಿ ಗಟ್ಟಿ ಹೆಂಗಸು. ಮಗನನ್ನು ಕಳಿಸುವಾಗಲೂ ಕಣ್ಣೀರು ಹಾಕಿರಲಿಲ್ಲ. "ಕಲಿಯಾಕ ಹೋಗ್ಯಾನ, ಕಲೀಲಿ ಬಿಡ್ರಿ" ಎಂದವರು. ಅವರೇ ಒಂದು ಬೆಳಿಗ್ಗೆ ಶೇಂಗಾ ಉಂಡಿಯ ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಚಂದವಾಗಿ ಹೊಲಿದು ತಂದರು. ನಾನು ತೂಕ ಮಾಡುತ್ತಿದ್ದಾಗ ಗೌಡ್ರು ಪಟಾಪಟಿ ಚಡ್ಡಿಯ ಮೇಲೆ ಟವೆಲು ಸುತ್ತಿಕೊಂಡು ಧುಮುಗುಡುತ್ತ ಬಂದರು.

"ನನ್ನ ಹೊಸಾ ಧೋತರ ಎಲ್ಲೈತಿ? ಬೀಗರ ಮನಿಗೆ ಹೋಗಬೇಕು!"

ಹೆಂಡತಿ ತಕ್ಕಡಿಯ ಕಡೆ ಗದ್ದ ತೋರಿಸಿದರು. "ಹಳೇದ್ರಾಗ ಕಳಿಸಿದ್ರ ಆ ಮಂದಿ ಏನಂದಾರು?"

ಈಗ ಜಗಳವಾಗುತ್ತದೆ ಎಂದು ನಾನು ಮುದ್ರೆಯ ಅರಗನ್ನು ದೂರ ಸರಿಸಿದೆ. ಗೌಡ್ರು ಗಂಟಿನ ಹತ್ತಿರ ಬಂದು, ಧೋತರದ ಅಂಚನ್ನು ಒಮ್ಮೆ ಸವರಿದರು.

"ಹೋಗ್ಲಿ ಬಿಡ್ರಿ ಮಾಸ್ತರ್ರ. ಅದಾದ್ರೂ ಅವನ್ನ ನೋಡ್ಲಿ."

ಬೀಗರ ಮನೆಗೆ ಅವತ್ತು ಅವರು ಹೋಗಲಿಲ್ಲ.

೪. ತಪಾಸಣೆ

ಐದನೆಯ ತಿಂಗಳಿಗೆ ದೀಪಾವಳಿ ಬಂತು. ಗೌಡ್ರಿಗೆ ತಡೆಯಲಾಗಲಿಲ್ಲ. ಮಿಲಿಟರಿಯಲ್ಲಿ ರಜೆ ಬೇಕಾದರೆ ಮನೆಯಿಂದ ತಂತಿ ಹೋಗಬೇಕೆಂದು ಯಾರೋ ತಲೆಗೆ ತುಂಬಿದ್ದರು. "ನಿಮ್ಮಂಥವರು ಬಹಳ ಜನ ಇದ್ದಾರೆ ಗೌಡ್ರೇ, ಮಿಲಿಟರಿಯವರು ಪೊಲೀಸರಿಂದ ತಪಾಸಣೆ ಮಾಡಿಸ್ತಾರೆ" ಎಂದು ನಾನು ಬಡಕೊಂಡೆ. ಕೇಳಬೇಕಲ್ಲ! ಶಿರಸಿಗೆ ಹೋಗಿ ಕೊಟ್ಟೇಬಿಟ್ಟರು: "ಅಜ್ಜಿ ಸೀರಿಯಸ್. ಕೂಡಲೇ ಹೊರಟು ಬಾ."

ರಜೆ ಸಿಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹುಡುಗ ಒಂಬತ್ತು ತಿಂಗಳು ಪೂರ್ತಿ ಮುಗಿಸಿ, ಅಪ್ಪನಿಗಿಂತ ಗಟ್ಟಿಯಾಗಿ ಬಂದ. ಆದರೆ ರಜೆ ಯಾಕೆ ಸಿಗಲಿಲ್ಲ ಅನ್ನುವುದನ್ನು ಕೇಳಬೇಕು.

ಎಂಬತ್ತರ ಅಜ್ಜಿಗೆ, ಅಂದರೆ ಗೌಡ್ರ ತಾಯಿಗೆ, ಪೊಲೀಸರು ಬಂದು ಹೋಗುವತನಕ ಮಲಗಿಯೇ ಇರಬೇಕೆಂದು ಗೌಡ್ರು ಕಟ್ಟಪ್ಪಣೆ ಮಾಡಿದ್ದರು. ಪಾಪ, ನಾಲ್ಕು ದಿನ ಮಲಗಿತ್ತು. ಐದನೆಯ ದಿನ ಪೊಲೀಸಪ್ಪ ನನ್ನ ಹತ್ತಿರ ಬಂದು ಗೌಡ್ರ ಮನೆ ಕೇಳಿದ. ನಾನೇ ಕರೆದುಕೊಂಡು ಹೊರಟೆ. ದಾರಿಯಲ್ಲಿ ಗದ್ದೆಯ ಬದುವಿನಿಂದ ಒಂದು ದನಿ:

"ಸಾಹೇಬ್ರ, ಒಂದೀಟು ಕೈ ಹಚ್ರಿ. ಈ ಹುಲ್ಲಿನ ಹೊರಿ ತಲಿಗೆ ಏರಸ್ರಿ."

ನೋಡಿದರೆ ಅದೇ ಅಜ್ಜಿ! ಪೊಲೀಸಪ್ಪ ಉಸಿರು ಕಟ್ಟಿ ಹೊರೆ ಎತ್ತಿಕೊಟ್ಟು ಕೇಳಿದ: "ಅಜ್ಜಿ, ಗೌಡ್ರ ಮನೆಯಲ್ಲಿ ಯಾವುದೋ ಮುದುಕಿಗೆ ಸೀರಿಯಸ್ ಅಂತಲ್ಲ, ಈಗ ಹೇಗಿದ್ದಾಳೆ?"

"ಬರ್ರಿ, ನಾನ ತೋರಸ್ತೀನಿ."

ಅಜ್ಜಿ ಮುಂದೆ, ನಾವು ಹಿಂದೆ. ಅದರ ನಡಿಗೆಗೆ ನನಗೆ ಏದುಸಿರು ಬಂತು. ಮನೆ ಮುಟ್ಟಿದ ಕೂಡಲೇ ಹೊರೆಯನ್ನು ದನದ ಮುಂದೆ ಕೆಡವಿ, ಕಾಲು ತೊಳೆದು, ಒಳಗೆ ಹೋಗಿ ಚಾಪೆಯ ಮೇಲೆ ಮಲಗಿ, ಗದ್ದದತನಕ ಕಂಬಳಿ ಎಳೆದುಕೊಂಡು ಹೇಳಿತು:

"ಹೂಂ, ಈಗ ಬರಕೋರಿ."

ಪೊಲೀಸಪ್ಪ ನನ್ನ ಮುಖ ನೋಡಿದ. ನಾನು ಹೆಂಚು ನೋಡಿದೆ. ಅಷ್ಟರಲ್ಲಿ ಹೊಲದಿಂದ ಓಡಿ ಬಂದ ಗೌಡ್ರು ಬಾಗಿಲಲ್ಲೇ ನಿಂತುಬಿಟ್ಟರು. ಕಣ್ಣು ತುಂಬಿತ್ತು.

"ಅಜ್ಜಿ, ಸುಳ್ಳು ಬರೆಯೋಕೆ ನಂಗೆ ಆಗೋದಿಲ್ಲ" ಎಂದ ಪೊಲೀಸಪ್ಪ.

ಅಜ್ಜಿ ಕಂಬಳಿ ಒದ್ದು ಎದ್ದು ಕೂತಿತು.

"ಹಂಗಾರ ಖರೇನ ಬರಕೋರಿ. ಮುದುಕಿ ಗಟ್ಟಿ ಅದಾಳ. ಸೀರಿಯಸ್ ಇರಾಂವ ಬಾಗಲದಾಗ ನಿಂತಾನ."