ಮಾವನ ಬದಿಬೆಳಕು

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಅಷ್ಟು ಜನ ಹೇಳುತ್ತಿರುವಾಗ ನಾನೂ ಒಬ್ಬಳು ಯಾಕೆ ಹೇಳಬೇಕು? ಮೀಸೆ ಸುಟ್ಟುಕೊಂಡವರು ಹೇಳಲಿ, ಬಸಳೆ ಚಪ್ಪರ ಕಳೆದುಕೊಂಡವರು ಹೇಳಲಿ, ಅವರಿಗೆ ಆ ಹಕ್ಕುಂಟು! ಫೋಟೋ ತೆಗೆಯುವಾಗ ಬೆಳಕು ಎದುರಿನಿಂದ ಬರಬಾರದು, ಬದಿಯಿಂದಲೇ ಬರಬೇಕು ಎಂಬ ಒಂದೇ ಮಾತನ್ನು ಹಿಡಿದುಕೊಂಡು ಒಬ್ಬ ಮನುಷ್ಯ ಎಷ್ಟು ಮನೆಗಳಲ್ಲಿ ಬೈಸಿಕೊಳ್ಳಬಹುದೋ ಅಷ್ಟೂ ಮನೆಗಳಲ್ಲಿ ಮಾವ ಬೈಸಿಕೊಂಡಿದ್ದರು. ನಾನು ಹೇಳುವುದು ಇಷ್ಟೇ.

ಮಾವ ಬಂಟ್ವಾಳದಲ್ಲಿ ಬಸ್ ಏಜೆಂಟರು. ತಂದೆ ತೀರಿಕೊಂಡ ಮೇಲೆ ಅಮ್ಮ, ಅಕ್ಕ, ನಾನು ಅವರ ಮನೆಯಲ್ಲೇ ಇದ್ದೆವು. ಮಾವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಅಕ್ಕನಿಗೆ ಗಂಡು ಹುಡುಕುವ ಜವಾಬ್ದಾರಿ ಮಾವನದ್ದಾಗಿತ್ತು. ಅಕ್ಕ ಚಿಕ್ಕಂದಿನಲ್ಲಿ ಸಿಡುಬು ಎದ್ದು ಬದುಕಿ ಉಳಿದವಳು, ಮುಖದ ತುಂಬ ಅದರ ಕುಳಿಗಳಿದ್ದವು. ಮಂಗಳೂರಿನ ಒಂದು ಸ್ಟುಡಿಯೋದವರು ಅವಳ ಫೋಟೋ ತೆಗೆದು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ಒಂದು ಕುಳಿಯನ್ನೂ ಬಿಡದೆ ತುಂಬಿಸಿ ಕೊಟ್ಟಿದ್ದರು. ನಮ್ಮ ರಸ್ತೆಯ ಹೊಂಡಗಳನ್ನು ಯಾರಾದರೂ ಅಷ್ಟು ಚಂದ ಮುಚ್ಚಿದ್ದರೆ ಮಾವನ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬಂದು ತಲುಪುತ್ತಿದ್ದವು!

ಆ ಫೋಟೋ ನೋಡಿ ಗಂಡಿನ ಕಡೆಯವರು ಬರುತ್ತಿದ್ದರು. ಅಕ್ಕ ಕಾಫಿ ತರುತ್ತಿದ್ದಳು. ಬಂದವರು ಅಕ್ಕನ ಮುಖ ನೋಡಿ, ಆಮೇಲೆ ಲೋಟದ ಒಳಗೆ ನೋಡಿ, "ಮನೆಗೆ ಹೋಗಿ ತಿಳಿಸ್ತೇವೆ" ಎಂದು ಎದ್ದು ಹೋಗುತ್ತಿದ್ದರು. ಮೂರನೆಯ ಸಲ ಬಂದ ಹೆಂಗಸಂತೂ ಎದುರಿಗೇ, "ಫೋಟೋದಲ್ಲಿ ಬೇರೆಯೇ ಕಾಣ್ತಿತ್ತಲ್ವಾ?" ಎಂದುಬಿಟ್ಟರು. ಅಕ್ಕ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ಆ ಲೋಟಗಳನ್ನು ಬಹಳ ಹೊತ್ತು ತೊಳೆದಳು.

ಅಂದು ಮಾವ ಸ್ಟುಡಿಯೋದ ಫೋಟೋವನ್ನು ಹರಿದು ಒಲೆಗೆ ಹಾಕಿ, "ಇವಳ ಫೋಟೋ ಇನ್ನು ನಾನೇ ತೆಗೀತೇನೆ" ಎಂದು ಸಾರಿದರು. ಅಲ್ಲಿಯವರೆಗೆ ಅವರು ಕ್ಯಾಮರಾ ಮುಟ್ಟಿದವರೇ ಅಲ್ಲ! ಸ್ವದೇಶಕ್ಕೆ ಹೊರಟಿದ್ದ ಒಬ್ಬ ಪಾದ್ರಿಯವರಿಂದ ಹಳೆಯ ಮಡಚುವ ಕ್ಯಾಮರಾ ತಂದರು. ಅಕ್ಕನದು ಒಂದೇ ಷರತ್ತು: "ಅಂಗಳದಲ್ಲಿ ನಿಂತು ದಾರಿಯಲ್ಲಿ ಹೋಗುವವರಿಗೆಲ್ಲ ನೋಡ್ಲಿಕ್ಕೆ ಸಿಗುವ ಹಾಗೆ ತೆಗೆಸಿಕೊಳ್ಳುವುದಿಲ್ಲ. ಒಳಗೆ ತೆಗೆಯುವುದಾದರೆ ತೆಗೀರಿ." ನಮ್ಮ ಒಳಕೋಣೆಯೋ, ನಡು ಮಧ್ಯಾಹ್ನ ಇಟ್ಟ ಚೆಂಬು ಎಡವಿಯೇ ಸಿಗಬೇಕು, ಅಂಥಾದ್ದು. ಫ್ಲಾಶ್ ಇಲ್ಲದೆ ಆಗುವ ಮಾತೇ ಅಲ್ಲ. ಆ ಕಾಲದ ಫ್ಲಾಶ್ ಬಲ್ಬೋ, ಒಂದು ಸಲ ಉರಿದರೆ ಮುಗಿಯಿತು, ಬಿಸಾಡಬೇಕು.

"ಒಮ್ಮೆ ಕಣ್ಣು ಬಿಟ್ಟು ಸಾಯುವ ಬಲ್ಬಿಗೆ ಒಂದು ಊಟದ ದುಡ್ಡಾ? ನಾನೆಂತ ಮಹಾರಾಜನಾ ಮಾರಾಯ್ತಿ?" ಎಂದು ಮಾವ ಅತ್ತೆಯನ್ನು ಕೇಳಿದರು. ಮಹಾರಾಜ ಅಲ್ಲ ಎಂಬುದು ಮದುವೆಯಾದ ಮರುದಿನವೇ ಗೊತ್ತಾಗಿದೆ ಎಂದರು ಅತ್ತೆ.

ಅಗ್ಗದ ಬೆಳಕಿನ ಹುಡುಕಾಟ ಹೀಗೆ ಸುರುವಾಯಿತು. ಬದಿಬೆಳಕಿನ ಶಾಸ್ತ್ರ ಮಾವನಿಗೆ ಸಿಕ್ಕಿದ್ದು ಮೂಡುಬಿದಿರೆಯ ಬಸದಿಯಲ್ಲಿ. ದಿನವಿಡೀ ತುಳುವಿನಲ್ಲೇ ಮಾತಾಡುವ ಮಾವ ಈ ವಿಷಯ ಬಂದಾಗ ಮಾತ್ರ ಕನ್ನಡಕ್ಕೆ ಏರುತ್ತಿದ್ದರು, ಶಾಸ್ತ್ರ ಅಲ್ಲವೇ! "ಬಸದಿಯ ಕಂಬವನ್ನು ಮಧ್ಯಾಹ್ನ ನೋಡಿದರೆ ಬರೇ ಕಲ್ಲು. ಸಂಜೆಯ ಬಿಸಿಲು ಬದಿಯಿಂದ ಬಿದ್ದಾಗ ನೋಡಿ, ಬಳ್ಳಿ ಉಂಟು, ಹೂ ಉಂಟು, ಆನೆ ಉಂಟು! ಎದುರಿನ ಬೆಳಕು ಸುಳ್ಳು ಹೇಳ್ತದೆ." ಕೇಳುವವರು ಟಿಕೇಟಿಗಾಗಿ ಕಾಯುತ್ತಿರುವ ಪ್ರಯಾಣಿಕರು. ಪೂರ್ತಿ ಕೇಳದೆ ಅವರಿಗೆ ಟಿಕೇಟು ಸಿಗುತ್ತಿರಲಿಲ್ಲ.

ಅಕ್ಕನ ಫೋಟೋಕ್ಕೆ ಕೈ ಹಾಕುವ ಮೊದಲು ಅಭ್ಯಾಸ ಬೇಕಲ್ಲ? ಮೊದಲ ಬಲಿ ಬೆಳ್ತಂಗಡಿಯ ಒಂದು ಮದುವೆ. ಜಾತ್ರೆಗೆ ಗರ್ನಾಲು, ಅಂದರೆ ದೊಡ್ಡ ಪಟಾಕಿ, ಮಾಡುವವನೊಬ್ಬನ ಬೆನ್ನು ಹಿಡಿದು ಮಾವ ಬೆಳಕಿನ ಪುಡಿ ತಂದಿದ್ದರು. ಅದನ್ನು ತಗಡಿನಲ್ಲಿ ಹರಡಿ, ತಗಡನ್ನು ಕೋಲಿಗೆ ಕಟ್ಟಿ, ಮಂಟಪದ ಬದಿಯಲ್ಲಿ ತಾವೇ ಹಿಡಿದು ನಿಂತರು. ಧಾರೆಗೆ ಇನ್ನೂ ಹೊತ್ತಿತ್ತು. ಮದುಮಗನ ಅಜ್ಜ, "ಇದು ಎಂತದು?" ಎಂದು ಬಗ್ಗಿ ನೋಡಲಿಕ್ಕೂ ಮಾವ ಬೆಂಕಿ ಕೊಡಲಿಕ್ಕೂ ಸರಿಯಾಯಿತು. ಢಂ! ಅಜ್ಜನ ಮೀಸೆಯ ಒಂದು ಬದಿ ಹೋಯಿತು. ಹೋಗಲಿ ಬಿಡಿ, ಮೀಸೆ ಬೆಳೆಯುತ್ತದೆ. ಆದರೆ ಸದ್ದು ಕೇಳಿದ ವಾದ್ಯದವರು ಮುಹೂರ್ತಕ್ಕೆ ಗರ್ನಾಲು ಬಿಟ್ಟರು ಎಂದುಕೊಂಡು ಗಟ್ಟಿಮೇಳ ಬಾರಿಸಿಬಿಟ್ಟರು! ಗಟ್ಟಿಮೇಳ ಕೇಳಿದ್ದೇ ಹುಡುಗಿಯ ತಂದೆ ಹೊಗೆಯಲ್ಲಿ ಕಣ್ಣು ಕಾಣದೆ, ಸಿಕ್ಕಿದ ಕೈಗೆ ಧಾರೆ ಎರೆದುಬಿಟ್ಟರು. ಹೊಗೆ ಕರಗಿದ ಮೇಲೆ ನೋಡಿದರೆ, ಪುಣ್ಯಕ್ಕೆ ಅದು ಮದುಮಗನ ಕೈಯೇ! ಪುರೋಹಿತರು ತಲೆ ಕೆರೆದುಕೊಂಡು, "ಮುಹೂರ್ತ ಬಂದ ಮೇಲೆ ಇನ್ನೊಮ್ಮೆ ಎರೆಯುವ" ಎಂದರು. ಒಂದೇ ದಿನ ಎರಡು ಸಲ ಮದುವೆಯಾದ ಆ ದಂಪತಿಗಳು ಇವತ್ತಿಗೂ ಒಂದು ದಿನ ಜಗಳವಾಡಿದ್ದಿಲ್ಲವಂತೆ. ಅದರ ಕೀರ್ತಿ ತನ್ನದೇ ಎಂದು ಮಾವ ಕಡೆಯವರೆಗೂ ಹೇಳುತ್ತಿದ್ದರು. ಫೋಟೋದಲ್ಲಿ ಬಿಳಿ ಹೊಗೆ ಬಿಟ್ಟರೆ ಒಂದು ತೆಂಗಿನಕಾಯಿ ಮಾತ್ರ ಬಂದಿತ್ತು.

"ಪುಡಿ ಬೇಡ" ಎಂದು ನಿರ್ಧಾರವಾಯಿತು. ಮುಂದೆ? ಬಸ್ ಏಜೆಂಟರಿಗೆ ಪುಕ್ಕಟೆ ಸಿಗುವ ಬೆಳಕು ಯಾವುದು ಹೇಳಿ! ಮೂಡುಬಿದಿರೆಯ ಒಂದು ಮನೆಯಲ್ಲಿ ನಿಶ್ಚಿತಾರ್ಥ. ಸಂಜೆಯ ಬಸ್ಸನ್ನು ಮಾವ ತುಂಬಿದ ಪ್ರಯಾಣಿಕರ ಸಮೇತ ಆ ಮನೆಯ ಅಂಗಳಕ್ಕೇ ಇಳಿಸಿದರು. ಎದುರಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಎದುರಿನ ಬೆಳಕು ಸುಳ್ಳು ಹೇಳುತ್ತದಲ್ಲ!

"ಬದಿಗೆ ತೆಗೀ, ಇನ್ನೂ ಬದಿಗೆ!"

"ಏಜೆಂಟರೇ, ಅಲ್ಲಿ ಬಸಳೆ ಚಪ್ಪರ ಉಂಟು" ಎಂದ ಡ್ರೈವರ್.

"ಬಸಳೆ ಇನ್ನೊಮ್ಮೆ ನೆಡಬಹುದು ಮಾರಾಯ, ನಿಶ್ಚಿತಾರ್ಥ ಇನ್ನೊಮ್ಮೆ ಮಾಡ್ಲಿಕ್ಕಾಗ್ತದಾ?"

ಚಪ್ಪರ ಮಲಗಿತು. ಹೆಡ್‌ಲೈಟು ಕಿಟಕಿಯಿಂದ ಒಳಗೆ ಬಿತ್ತು. ಬದಿಬೆಳಕು ಸಾಕ್ಷಾತ್ ಬಂದು ಕೂತ ಹಾಗಿತ್ತು! ಪ್ರಯಾಣಿಕರು ಇಳಿದು ಪಾಯಸಕ್ಕೆ ಸಾಲಾಗಿ ಕೂತರು. ಬೆಳ್ತಂಗಡಿಗೆ ಹೋಗುವ ಅವಸರ ಯಾರಿಗೂ ಕಾಣಲಿಲ್ಲ. ಎಲ್ಲ ಮುಗಿಯುವಾಗ ಬಸ್ಸಿನ ಬ್ಯಾಟರಿಯೂ ಮುಗಿದಿತ್ತು. ಬೀಗರಿಬ್ಬರೂ ಜರಿ ಪಂಚೆ ಎತ್ತಿ ಕಟ್ಟಿ, ಬಸ್ಸನ್ನು ರಸ್ತೆಯವರೆಗೆ ದೂಡಿದರು. ಫೋಟೋ ಮಾತ್ರ ಚೆನ್ನಾಗಿ ಬಂತು. ಒಂದೇ ತೊಂದರೆ, ಕಿಟಕಿಯ ಸರಳುಗಳ ನೆರಳು ಹುಡುಗ ಹುಡುಗಿ ಇಬ್ಬರ ಮುಖದ ಮೇಲೂ ಬಿದ್ದು, ಜೈಲಿನಲ್ಲಿ ಕೂತವರ ಹಾಗೆ ಕಾಣುತ್ತಿದ್ದರು. ಅತ್ತೆ ಅದನ್ನು ನೋಡಿ, "ಇದರಲ್ಲಿ ಸುಳ್ಳೆಂತ ಉಂಟು?" ಎಂದರು.

ಬಸ್ಸಿನ ಧಣಿಗಳು ಕರೆದು ಏನು ಹೇಳಿದರೋ ಗೊತ್ತಿಲ್ಲ, ಮಾವ ಮರುವಾರವೇ ಮಂಗಳೂರಿಗೆ ಹೋಗಿ ನಿಜವಾದ ಫ್ಲಾಶ್‌ಗನ್ನನ್ನೇ ಕೊಳ್ಳಲು ಹೊರಟರು. ನಾನೂ ಜೊತೆಗಿದ್ದೆ. ಅಂಗಡಿಯವನು ಇದ್ದುದರಲ್ಲಿ ಅಗ್ಗದ್ದನ್ನು ತೋರಿಸಿದ. ಮಾವ ಅದರ ವಯರನ್ನು ಎಳೆದು ನೋಡಿ, "ಇದು ಗೇಣುದ್ದ ಉಂಟಲ್ಲ, ಎರಡು ಮಾರು ಬೇಕು" ಎಂದರು.

"ಎರಡು ಮಾರು ಎಂತಕ್ಕೆ? ಇದನ್ನು ಕ್ಯಾಮರಾದ ಮೇಲೆಯೇ ಸಿಕ್ಕಿಸುವುದು."

"ಸೂರ್ಯ ನಿಮ್ಮ ಹಣೆಯ ಮೇಲೆ ಉಂಟಾ?"

ಅಂಗಡಿಯವನು ಪಾಪ, ಹಣೆ ಮುಟ್ಟಿ ನೋಡಿಕೊಂಡ. ಆಮೇಲೆ ಬಸದಿಯ ಕಂಬ, ಬಳ್ಳಿ, ಆನೆ ಎಲ್ಲ ಕೇಳಬೇಕಾಯಿತು ಅವನಿಗೆ. ಕಡೆಗೆ ಸಾಕಾಗಿ ಬೆಲೆ ಇಳಿಸಿ, ಮೇಲೆ ನಾಲ್ಕಾರು ಬಲ್ಬು ಕೊಟ್ಟು, "ಇಷ್ಟೇ ಇರುವುದು, ಇನ್ನು ಯಾವಾಗ ಬರ್ತದೋ ಗೊತ್ತಿಲ್ಲ" ಎಂದು ನಮ್ಮನ್ನು ಮೆಟ್ಟಿಲು ಇಳಿಸಿದ. ವಯರನ್ನು ಮಾವ ಬಸ್ಸಿನ ವಯರ್ ಜೋಡಿಸಿ ಉದ್ದ ಮಾಡಿಕೊಂಡರು. ಗನ್ ಹಿಡಿಯುವ ಕೆಲಸ ಅತ್ತೆಯದು. ಅತ್ತೆ ಗಿಡ್ಡ, ಹಾಗಾಗಿ ಒಳಕೋಣೆಯಲ್ಲಿದ್ದ ಕಡೆಯುವ ಕಲ್ಲಿನ, ಅಂದರೆ ರುಬ್ಬುವ ಒರಳಿನ, ಮೇಲೆ ಹತ್ತಿ ನಿಲ್ಲಬೇಕಿತ್ತು.

ಪರೀಕ್ಷೆಗೆಂದು ಮಾವ ಕೂರಿಸಿದ್ದು ಯಾರನ್ನು ಗೊತ್ತೇ? ಒಂದು ಹಲಸಿನಕಾಯಿಯನ್ನು! ಕುರ್ಚಿಯ ಮೇಲೆ, ಹಿಂದೆ ಪರದೆ ಕಟ್ಟಿ! "ಗಲ್ಲ ಸ್ವಲ್ಪ ಮೇಲೆತ್ತಲಿ" ಎಂದು ಅತ್ತೆ ಕಲ್ಲಿನ ಮೇಲಿಂದಲೇ ತಮಾಷೆ ಮಾಡಿದರು. ಒಂದು ಎದುರುಬೆಳಕು, ಒಂದು ಬದಿಬೆಳಕು, ಹೀಗೆ ಎರಡು ಫೋಟೋ. ತೊಳೆದು ಬಂದಾಗ ನಾವೆಲ್ಲ ಮುತ್ತಿಕೊಂಡು ನೋಡಿದೆವು. ಎದುರಿನಿಂದ ಹೊಡೆದದ್ದರಲ್ಲಿ ಅದು ಸೋರೆಕಾಯಿಯ ಹಾಗೆ ನುಣ್ಣಗಿತ್ತು. ಬದಿಯಿಂದ ಹೊಡೆದದ್ದರಲ್ಲಿ ಒಂದೊಂದು ಮುಳ್ಳೂ ಬೇರೆ ಬೇರೆ, ಎಣಿಸಬಹುದಿತ್ತು.

ನಗುತ್ತಿದ್ದ ಅಮ್ಮ ಫೋಟೋಗಳನ್ನು ಕೈಗೆತ್ತಿಕೊಂಡರು. ಎರಡನ್ನೂ ಮತ್ತೆ ಮತ್ತೆ ನೋಡಿ, ತಗ್ಗಿದ ಸ್ವರದಲ್ಲಿ, "ಅಣ್ಣ, ಮಗಳಿಗೆ ಎದುರಿನಿಂದಲೇ ಹಾಕಿ" ಎಂದರು.

ಎಂಥಾ ಮಾತಿಗೂ ಬಸದಿಯ ಕಂಬ ಎತ್ತುವ ಮಾವ ಅಂದು ಏನೂ ಎತ್ತಲಿಲ್ಲ. "ಆಯ್ತು" ಎಂದರು.

ಅಷ್ಟರಲ್ಲಿ ಉಳಿದ ಬಲ್ಬುಗಳು ಅತ್ತೆಯ ಮೇಲೆ, ದನದ ಮೇಲೆ, ದನ ಹಗ್ಗ ಹರಿದುಕೊಂಡು ಓಡಿದ ಮೇಲೆ ಖಾಲಿ ಗೂಟದ ಮೇಲೆ ಖರ್ಚಾಗಿದ್ದವು. ಉಳಿದದ್ದು ಒಂದೇ ಒಂದು. ಮೂಡುಬಿದಿರೆ ಹತ್ತಿರದ ಮಿಜಾರಿನ ಕಡೆಯಿಂದ ಒಂದು ಸಂಬಂಧದ ವಿಚಾರ ಬಂತು, ಫೋಟೋ ಕಳಿಸಿ ಎಂದರು. ಒಳಕೋಣೆಯಲ್ಲಿ ಅಕ್ಕ ಹಸಿರು ಸೀರೆ ಉಟ್ಟು ಕೂತಳು. ಮಾವ ತಲೆ ತಗ್ಗಿಸಿಕೊಂಡು, ಹಲಸಿನಕಾಯಿಯನ್ನು ಬಿಟ್ಟರೆ ತಮ್ಮ ಜನ್ಮದಲ್ಲೇ ಮೊದಲ ಸಲ, ಗನ್ನನ್ನು ಕ್ಯಾಮರಾದ ಮೇಲೆಯೇ ಕಟ್ಟಿದರು.

"ಮಾವ, ಅದು ಅಲ್ಲಿ ಯಾಕೆ?" ಎಂದಳು ಅಕ್ಕ.

"ವಯರ್... ವಯರ್ ತುಂಡಾಗಿದೆ ಮಗಾ."

ವಯರ್ ಸರಿಯಾಗಿಯೇ ಇತ್ತು, ಅವರ ಕಾಲ ಬುಡದಲ್ಲಿ ಹಾವಿನ ಹಾಗೆ ಸುತ್ತಿಕೊಂಡು ಬಿದ್ದಿತ್ತು.

"ಹಲಸಿನಕಾಯಿಯ ಫೋಟೋ ನಾನೂ ನೋಡಿದ್ದೇನೆ ಮಾವ. ಹಲಸಿನಕಾಯಿಗೆ ಇರುವ ಮರ್ಯಾದೆ ನನಗಿಲ್ವಾ?" ಅಕ್ಕ ನಗುತ್ತಲೇ ಹೇಳಿದಳು. "ಮೂರು ಸಲ ಕಾಫಿ ಕೊಟ್ಟು ಸಾಕಾಗಿದೆ ನನಗೆ. ಇನ್ನು ಬರುವವರು ನೋಡಿಯೇ ಬರಲಿ. ಬಾರದಿದ್ದರೆ ಬೇಡ. ಬದಿಯಿಂದ ಹೊಡೀರಿ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಮಾವ ಗಂಟು ಬಿಚ್ಚಲು ಹೋಗಿ ತಪ್ಪು ತುದಿಯನ್ನೇ ಎಳೆಯುತ್ತಿದ್ದರು. ಅತ್ತೆಯೇ ಬಿಚ್ಚಿ, ಗನ್ ಹಿಡಿದುಕೊಂಡು ಕಲ್ಲು ಹತ್ತಿ ನಿಂತು, "ಹ್ಞೂಂ, ಹೊಡೀರಿ ನೋಡುವ" ಎಂದರು. ಇದ್ದ ಒಂದೇ ಬಲ್ಬು ಉರಿದು ಹೋಯಿತು.

ಫೋಟೋದಲ್ಲಿ ಎಲ್ಲವೂ ಇತ್ತು. ಒಂದೊಂದು ಕುಳಿಯೂ ಇತ್ತು. ಆದರೆ ಅಕ್ಕನ ಕಣ್ಣು ಅಷ್ಟು ಚಂದ ಎಂಬುದು, ದಿನಾ ಅವಳ ಪಕ್ಕದಲ್ಲೇ ಮಲಗುವ ನನಗೂ ಅಂದೇ ಗೊತ್ತಾದದ್ದು. ಫೋಟೋ ಮಿಜಾರಿಗೆ ಹೋಯಿತು. ಉತ್ತರವಿಲ್ಲದೆ ಎಷ್ಟೋ ವಾರ ಕಳೆದವು. ಮಾವ ಯಾರಿಗೂ ಶಾಸ್ತ್ರ ಹೇಳದೆ ಟಿಕೇಟು ಕೊಡುತ್ತಿದ್ದರು. ಪ್ರಯಾಣಿಕರೇ ಹೆದರಿ, "ಏಜೆಂಟರಿಗೆ ಹುಷಾರಿಲ್ವಾ?" ಎಂದು ವಿಚಾರಿಸಿದರು.

ಒಂದು ಮಧ್ಯಾಹ್ನ ಹುಡುಗ ತನ್ನ ತಾಯಿಯ ಜೊತೆ ಬಂದಿಳಿದ. ಅಕ್ಕ ಬಂದು ನಿಂತಳು. ಆ ತಾಯಿ ಕನ್ನಡಕ ಹಾಕಿಕೊಂಡು ಅಕ್ಕನನ್ನು ನೋಡಿದರು, ನೋಡಿದರು, ನಮ್ಮ ಉಸಿರು ನಿಲ್ಲುವಷ್ಟು ಹೊತ್ತು ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಫೋಟೋದಲ್ಲಿ ಇದ್ದ ಹಾಗೆಯೇ ಇದ್ದಾಳಲ್ವಾ?" ಎಂದರು. ಹುಡುಗ, "ಅದಕ್ಕೇ ಅಲ್ವಾ ಅಮ್ಮ ಬಂದದ್ದು?" ಎಂದ.

ಮದುವೆ ಮಿಜಾರಿನಲ್ಲಿ ನಡೆಯಿತು. ಫೋಟೋಕ್ಕೆ ಮಾವ ಮಂಗಳೂರಿನ ಸ್ಟುಡಿಯೋದವರನ್ನೇ ಕರೆಸಿದ್ದರು! ಆ ಪುಣ್ಯಾತ್ಮ ಫ್ಲಾಶನ್ನು ಕ್ಯಾಮರಾದ ನೆತ್ತಿಯ ಮೇಲೇ ಸಿಕ್ಕಿಸಿಕೊಂಡು ಎದುರಿನಿಂದ ಹೊಡೆಯುತ್ತಿದ್ದ. ಈಗ ಮಾವ ಎದ್ದಾರು, ಈಗ ಬಸದಿಯ ಕಂಬ ಬಂದೀತು ಎಂದು ಚಪ್ಪರಕ್ಕೆ ಚಪ್ಪರವೇ ಅವರತ್ತ ನೋಡುತ್ತಿತ್ತು. ಮಾವ ಎದುರಿನ ಸಾಲಿನಲ್ಲಿ ಕೈಕಟ್ಟಿ ಕೂತವರು ಅಲ್ಲಾಡಲಿಲ್ಲ.

"ಏನಿವರೇ, ಅವನು ಎದುರಿನಿಂದ ಹೊಡೀತಾ ಇದ್ದಾನೆ, ನೀವು ಸುಮ್ಮನೆ ಕೂತಿದ್ದೀರಲ್ಲ?" ಎಂದು ಅತ್ತೆಯೇ ತಿವಿದರು.

"ಎಲ್ಲಿಂದ ಬೇಕಾದರೂ ಹೊಡೀಲಿ ಮಾರಾಯ್ತಿ. ಇಷ್ಟು ದಿನ ಕ್ಯಾಮರಾದಲ್ಲಿ ಒಂದು ಕಣ್ಣು ಮುಚ್ಚಿ ನೋಡಿದ್ದು ಸಾಕು. ಇವತ್ತು ನನ್ನ ಮಗಳನ್ನು ಎರಡೂ ಕಣ್ಣಿನಿಂದ ನೋಡ್ತೇನೆ."

ಧಾರೆ ಎರೆಯುವಾಗ ನಾನು ಅವರ ಕಡೆ ತಿರುಗಿದೆ. ಎರಡೂ ಕಣ್ಣು ತುಂಬಿ ನೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂಬುದೂ ಅವರಿಗೆ ನೆನಪಿರಲಿಲ್ಲ. ಪಾಪ, ಅಷ್ಟು ಆಸೆಪಟ್ಟು ಕೂತವರಿಗೆ ಅಂದು ಏನು ಕಂಡಿತೋ, ಏನು ಬಿಟ್ಟಿತೋ.