ನಾಲ್ಕನೇ ಭಾಗ ಕೆಟ್ಟಿದ್ದು ಯಾರಿಂದ?

ಆ ಬೇಸಿಗೆ ರಜೆಯಲ್ಲಿ ನಿಜವಾಗಿ ಏನು ನಡೆಯಿತು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿದೆ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ತಿರುಗಿದ್ದೇನೆ, ಅದು ಬೇರೆ ಮಾತು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ನನಗೆ ಹಿಡಿಸಿದ ಒಂದೇ ಪಾಠ, ಯಾವ ಸಾಕ್ಷಿಯನ್ನೂ ಕಣ್ಣುಮುಚ್ಚಿ ನಂಬಬೇಡ ಎಂಬುದು. ಶಾಸನ ಕೆತ್ತಿಸುವವನು ಗೆದ್ದವನು, ಸೋತವನಿಗೆ ಕಲ್ಲು ಸಿಗುವುದಿಲ್ಲ. ಈ ಪಾಠವನ್ನು ಹಿಡಿದು ಅರಳಗುಪ್ಪೆಗೆ ಹೋಗಿ, ಅಲ್ಲಿನ ಗುಡಿಯ ಬಗ್ಗೆ ಅಜ್ಜರೊಬ್ಬರು ಹೇಳುತ್ತಿದ್ದ ಕಥೆಗೆ ಆಧಾರವೇನು ಎಂದು ಕೇಳಿ, "ನೀನೇನು ಆವಾಗ ಅಲ್ಲಿದ್ಯೇನಪ್ಪ?" ಎಂದು ಹತ್ತು ಜನರ ಮುಂದೆ ಅನ್ನಿಸಿಕೊಂಡು ಬಂದಿದ್ದೇನೆ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಗಿರಿಜೆ ಹೇಳಿದರೂ ಒಂದು ತುತ್ತು ಉಂಡ ಮೇಲೆಯೇ ನಂಬುವವನು ನಾನು. ಹೀಗೆ ಜಗತ್ತನ್ನೆಲ್ಲ ಅನುಮಾನಿಸಿದ ನಾನು ಒಂದು ಸಾಕ್ಷಿಯನ್ನು ಮಾತ್ರ ಎಂದೂ ಪ್ರಶ್ನಿಸಿರಲಿಲ್ಲ. ಅದು ನನ್ನದೇ ತಲೆ.

ವಿಷಯ ದೊಡ್ಡದೇನಲ್ಲ, ಒಂದು ವಿಡಿಯೋ ಗೇಮು. ಅದರ ಹೆಸರು ಬೇಡ, ಕಂಪನಿಯವರಿಗೆ ನನಗಿಂತ ಒಳ್ಳೆಯ ವಕೀಲರಿದ್ದಾರೆ. ಅದರಲ್ಲೊಬ್ಬ ಕುದುರೆ ಸವಾರ, ಕೈಯಲ್ಲೊಂದು ಬಾಗಿದ ಕತ್ತಿ, ಕಳೆದುಕೊಂಡ ಒಂದು ರಾಜ್ಯ. ಕಷ್ಟಪಟ್ಟು ರಾಜ್ಯ ಗೆದ್ದುಕೊಟ್ಟರೆ ಮುಂದಿನ ಭಾಗದ ಹೊತ್ತಿಗೆ ಮತ್ತೆ ಕಳೆದುಕೊಂಡಿರುತ್ತಾನೆ. ಈಗ ಹನ್ನೊಂದನೇ ಭಾಗ ಬಂದಿದೆ. ಹನ್ನೊಂದು ಸಲ ರಾಜ್ಯ ಕಳೆದುಕೊಂಡವನ ಕೈಗೆ ಮತ್ತೆ ರಾಜ್ಯ ಕೊಡಬಾರದು ಎಂದು ಅಲ್ಲಿನ ಪ್ರಜೆಗಳಿಗೆ ಹೊಳೆಯಬೇಕಿತ್ತು. ನಮಗೇ ಹೊಳೆಯದಿರುವಾಗ ಅವರನ್ನು ಅಂದು ಏನು ಪ್ರಯೋಜನ?

ಮೊದಲ ಮೂರು ಭಾಗ ಚೆನ್ನಾಗಿದ್ದವು. ನಾಲ್ಕನೆಯದರಲ್ಲಿ ಕಂಪನಿಗೆ ಬುದ್ಧಿ ಬಂದಿತು. ಹೊಸ ದಿಕ್ಕು ಎಂದು ಘೋಷಿಸಿ ಕುದುರೆಯನ್ನೇ ತೆಗೆದುಹಾಕಿದರು. ಕುದುರೆ ಸವಾರನನ್ನು ದೋಣಿಯಲ್ಲಿ ಕೂರಿಸಿ, ಕೈಗೆ ಹುಟ್ಟು ಕೊಟ್ಟು, ಬಾಯಿಗೆ ಭಾಷಣ ಕೊಟ್ಟರು. ಒಂದು ಹೊಳೆ ದಾಟಬೇಕಾದರೆ ಅವನ ಬಾಲ್ಯದ ದುಃಖವನ್ನೆಲ್ಲ ಕೇಳಬೇಕಿತ್ತು. ಆಮೇಲಿನ ಭಾಗಗಳ ಸಾಧನೆಯೂ ಕಡಿಮೆಯದಲ್ಲ. ಆರನೆಯದರಲ್ಲಿ ರಾಜನ ರುಮಾಲಿಗೆ ಬೇರೆ ದುಡ್ಡು ಕೇಳಿದರು. ಏಳನೆಯದನ್ನು ಅರ್ಧ ಬೇಯಿಸಿ ಬಡಿಸಿ, ಮಿಕ್ಕಿದ್ದನ್ನು ಇಂಟರ್ನೆಟ್ಟಿನಲ್ಲಿ ಕಳಿಸುತ್ತೇವೆ ಎಂದರು. ನಮ್ಮ ತಿಪಟೂರಿನ ಮಾರುಕಟ್ಟೆಯಲ್ಲಿ ಯಾರಾದರೂ ಬರೀ ಚಿಪ್ಪು ತಂದು ಸುರಿದು, ಒಳಗಿನ ಕೊಬ್ಬರಿ ಮುಂದಿನ ತಿಂಗಳು ಬರುತ್ತದೆ ಎಂದರೆ ಅದೇ ಚಿಪ್ಪಿನಲ್ಲಿ ಹೊಡೆದು ಕಳಿಸುತ್ತಾರೆ. ಗೇಮಿನವರಿಗೆ ಮಾತ್ರ ನಾವು ಮುಂಗಡ ಕೊಟ್ಟು ಕಾಯುತ್ತೇವೆ. ಹನ್ನೊಂದನೆಯದರಲ್ಲಿ ಕುದುರೆ ವಾಪಸು ಬಂದಿತು. ಜನ ಕಣ್ಣೀರು ಹಾಕಿದರು. ಹಟ್ಟಿಯಿಂದ ದನ ಹೊಡೆದುಕೊಂಡು ಹೋದವನೇ ಅದನ್ನು ತಂದು ಕಟ್ಟಿ ಹಾರ ಹಾಕಿಸಿಕೊಂಡಂತೆ. ನಾನೂ ಒಂದು ಹಾರ ಹಾಕಿದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ನಾಲ್ಕನೇ ಭಾಗ ನಮ್ಮ ಮನೆಗೆ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹಂದನಕೆರೆಯಿಂದ ಚಿಕ್ಕಪ್ಪನ ಮಗ ಪರಮೇಶ ರಜೆಗೆ ಬಂದಿದ್ದ, ನನಗಿಂತ ನಾಲ್ಕು ವರ್ಷ ಚಿಕ್ಕವನು. ನನ್ನ ನೆನಪಿನ ಪ್ರಕಾರ ನಾವಿಬ್ಬರೂ ಒಂದೇ ದೋಣಿಯಲ್ಲಿದ್ದೆವು. ಮುಂದೆ ಕೂತ ರಾಜನನ್ನು ನಾನು ಆಡಿಸುತ್ತಿದ್ದೆ, ಹಿಂದೆ ಕೂತು ಇನ್ನೊಂದು ಹುಟ್ಟು ಹಾಕುವ ಸೇವಕನನ್ನು ಅವನು. ಒಂದು ತಿಂಗಳು ಹೀಗೆ ಹೊಳೆಹೊಳೆ ದಾಟಿ ಕೊನೆಯ ಕೋಟೆಯ ಬಾಗಿಲಿಗೆ ಹೋಗಿ ನಿಂತೆವು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಆಟವನ್ನು ಉಳಿಸಿಟ್ಟಿದ್ದ ಮೆಮೊರಿ ಕಾರ್ಡು ಖಾಲಿ. ಪರಮೇಶನೇ ಅಳಿಸಿದ್ದಾನೆ ಎಂದು, ಅವನನ್ನು ನೋಡಿಹೋಗಲು ಬಂದಿದ್ದ ಚಿಕ್ಕಪ್ಪನಿಗೆ ನಾನು ಹೇಳಿದೆ. ನೋಡಿರಲಿಲ್ಲ, ಆದರೂ ಹೇಳಿದೆ. ನಾನು ಓದುವ ಹುಡುಗ, ಓದುವವರ ಮಾತಿಗೆ ಆಗ ಆಧಾರ ಕೇಳುತ್ತಿರಲಿಲ್ಲ. ಚಿಕ್ಕಪ್ಪ ತೆಂಗಿನ ಗರಿಯ ಕಡ್ಡಿ ಮುರಿಯುವವರೆಗೆ ಅವನಿಗೆ ಬಾರಿಸಿ, ಅದೇ ಮಧ್ಯಾಹ್ನ ಬಸ್ಸು ಹತ್ತಿಸಿಕೊಂಡು ಹೋದರು. ಅಲ್ಲಿಯವರೆಗೆ "ಅಣ್ಣ, ಅಣ್ಣ" ಎಂದು ಬೆನ್ನು ಹತ್ತುತ್ತಿದ್ದವನು ಮತ್ತೆಂದೂ ರಜೆಗೆ ಬರಲಿಲ್ಲ. ಈಗ ಅವನದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ, ನಾನು ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನಮ್ಮ ತೋಟದ ಕೊಬ್ಬರಿ ಹೋಗುವುದು ಅವನ ಮಂಡಿಗೇ. ಮಾತಿಗೇನೂ ಕೊರತೆಯಿಲ್ಲ, ಆದರೆ ನಾನು ಹೋದರೆ "ಬನ್ನಿ ಮೇಷ್ಟ್ರೇ, ಕೂತ್ಕಳಿ" ಎನ್ನುತ್ತಾನೆ. ತಮ್ಮನ ಬಾಯಲ್ಲಿ ಮೇಷ್ಟ್ರಾಗುವುದು ಎಷ್ಟು ದೂರದ ಹುದ್ದೆ ಎಂದು ಅನುಭವಿಸಿದವರಿಗೇ ಗೊತ್ತು.

ಕಳೆದ ವರ್ಷ ಇಂಟರ್ನೆಟ್ಟಿನಲ್ಲಿ ಒಂದು ಬರಹ ಓದಿದೆ. ದೀರ್ಘಕಾಲ ನಡೆದುಬಂದ ಗೇಮುಗಳು ಎಲ್ಲೆಲ್ಲಿ ಮುಗ್ಗರಿಸಿದವು ಎಂಬ ಪಟ್ಟಿ ಅದು, ನಮ್ಮ ನಾಲ್ಕನೇ ಭಾಗ ಅದರಲ್ಲಿ ಗೌರವದ ಸ್ಥಾನ ಪಡೆದಿತ್ತು. ಕೊನೆಯ ಕೋಟೆ ತಲುಪಿದ ಕೂಡಲೇ ಉಳಿಸಿಟ್ಟ ಆಟ ತಾನಾಗಿಯೇ ಅಳಿಸಿಹೋಗುವ ದೋಷ ಅದರಲ್ಲಿತ್ತಂತೆ. ಓದಿ ಎದೆ ಹಗುರಾಯಿತು. ಪರಮೇಶ ಕಳ್ಳನಲ್ಲ, ನಾನೂ ಸುಳ್ಳನಲ್ಲ, ಎಲ್ಲವೂ ಕಂಪನಿಯದು. ಇಷ್ಟು ಅನುಕೂಲವಾದ ಸತ್ಯ ಸಿಕ್ಕಾಗಲಾದರೂ ನಾನು ಅನುಮಾನಿಸಬೇಕಿತ್ತು. ಅನುಮಾನಿಸಲಿಲ್ಲ, ಸ್ಕೂಟರ್ ಹತ್ತಿ ಮಂಡಿಗೆ ಹೋದೆ.

ಪರಮೇಶ ಕೊಬ್ಬರಿ ರಾಶಿಯ ಮುಂದೆ ಕೂತು ಒಂದೊಂದೇ ಉಂಡೆಯನ್ನು ತಿರುಗಿಸಿ ನೋಡಿ ಬೇರೆ ಮಾಡುತ್ತಿದ್ದ. ನಾನು ತರಗತಿಯ ಶೈಲಿಯಲ್ಲಿ ಇಡೀ ವೃತ್ತಾಂತ ಹೇಳಿ, ಅವನು ನಿರ್ದೋಷಿಯೆಂದು ಸಾರಿದೆ. ಅವನು ಕೈಯಲ್ಲಿದ್ದ ಉಂಡೆಯನ್ನು ಕೆಳಗಿಡಲಿಲ್ಲ.

"ಅಳ್ಸಿದ್ದು ನಾನೇ ಕಣ್ರೀ ಮೇಷ್ಟ್ರೇ."

ಇಲ್ಲ, ಅದು ಕಂಪನಿಯ ತಪ್ಪು ಎಂದು ನಾನು ಒತ್ತಿ ಹೇಳಿದೆ.

"ಏಟು ತಿಂದೋನು ನಾನು. ಈಗ ಬಂದು ಯಾವನೋ ಕಂಪ್ನಿಯೋನು ಮಾಡ್ದ ಅಂತೀರಲ್ಲ. ಅದನ್ನಾದ್ರೂ ನನ್ ಹೆಸ್ರಲ್ಲಿ ಬುಡಿ."

ಯಾಕೆ ಅಳಿಸಿದೆ ಎಂದು ಕೇಳಿದೆ. ಅವನು ಉಂಡೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದ. ಕೌಟು ವಾಸನೆ ಹಿಡಿದು ಕೆಟ್ಟ ಕೊಬ್ಬರಿಯನ್ನು ನೋಡುವಾಗಲೂ ಅವನದು ಅದೇ ನೋಟ.

"ನೀವು ನಂಗೆ ಕೊಟ್ಟಿದ್ ರಿಮೋಟಿನ ವೈರು ಟೀವಿ ಹಿಂದ್ಗಡೆ ಯಾತಕ್ಕೂ ಸಿಕ್ಸ್ದೆ ಸುಮ್ನೆ ನೇತಾಡ್ತಿತ್ತು. ಒಂದ್ ತಿಂಗ್ಳು ಹುಟ್ಟು ಹಾಕಿದ್ದೀನಿ ನಾನು, ಹೆಬ್ಬೆಟ್ಟು ಬೊಬ್ಬೆ ಬಂದಿತ್ತು. ದೊಡ್ಡಮ್ಮ ಕಸ ಗುಡ್ಸೋಕೆ ಅಂತ ಟೀವಿ ಸರ್ಸಿದಾಗ ಗೊತ್ತಾಯ್ತು. ಅವತ್ತೇ ಅಳ್ಸ್ದೆ."

ಇಂಥದ್ದು ನನಗೆ ಕಿಂಚಿತ್ತೂ ನೆನಪಿಲ್ಲ. ನಿಜವಾಗಿ ಇಲ್ಲ. ಬಾಲ್ಯದ ನೆನಪುಗಳು ಆಮೇಲೆ ಕಟ್ಟಿಕೊಂಡವೂ ಆಗಿರಬಹುದು, ಹೊಡೆತ ತಿಂದ ಮನಸ್ಸು ತನಗೊಂದು ಕಾರಣ ಹುಡುಕಿಕೊಳ್ಳುತ್ತದೆ ಎಂದು ವಿವರಿಸಿದೆ. ಪರಮೇಶ ಪೂರ್ತಿ ಕೇಳಿಸಿಕೊಂಡು, ಗೇಮಿನ ಡಬ್ಬ ನಿಮ್ಮ ಅಟ್ಟದಲ್ಲೇ ಇರಬೇಕಲ್ಲ, ಎಷ್ಟು ಜನ ಆಡುವ ಆಟ ಅಂತ ಹಿಂದೆ ಬರೆದಿರುತ್ತಾರೆ, ಓದೋಕೆ ಬರುತ್ತಲ್ಲ ಎಂದ.

ಇಂಟರ್ನೆಟ್ಟಿನಲ್ಲೇ ನೋಡಬಹುದಿತ್ತು ಎಂದು ನೀವು ಕೇಳುತ್ತೀರಿ. ಮೂಲ ಆಕರವನ್ನೇ ನೋಡಬೇಕು ಎಂಬ ವಿದ್ವತ್ತಿನ ನಿಯಮವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಧೈರ್ಯ ಬರಲಿಲ್ಲ ಎಂದಿದ್ದರೆ ಕಡಿಮೆ ಪದ ಸಾಕಾಗುತ್ತಿತ್ತು. ಆದರೆ ಆ ಮೂಲ ಆಕರದ ಮೇಲೆ ಕಾಯಿ ಕೂತಿತ್ತು. ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗೊಡಗೊಡ ಎನ್ನುವವರೆಗೆ ಯಾರೂ ಕೈ ಹಾಕುವಂತಿಲ್ಲ. ಪ್ರತಿವರ್ಷ ಕಾಯಿ ಇಳಿಸಿದಾಗ ಡಬ್ಬ ಮೂಲೆಯಲ್ಲಿ ಕಾಣುತ್ತಿತ್ತು, ಬೇಕಿರಲಿಲ್ಲ. ಬೇಕಾದಾಗ ಕಾಯಿ ಏರಿಸಿ ಒಂದು ತಿಂಗಳೂ ಆಗಿರಲಿಲ್ಲ. ಒಂದು ಭಾನುವಾರ ಏಣಿ ಹಾಕಿ ಮೂಲೆಗೆ ಕೈ ತೂರಿಸಿದೆ. ಏಳೆಂಟು ಕಾಯಿ ಉರುಳಿ ಬಂದು ನಡುಮನೆಯಲ್ಲಿ ಬಿದ್ದವು. ಗಿರಿಜೆ ಅಡುಗೆಮನೆಯಿಂದ ಬಂದು, ಕಾಯಿಗಳನ್ನು ನೋಡಿ, ಏಣಿ ನೋಡಿ, ಕೊನೆಗೆ ನನ್ನನ್ನು ನೋಡಿದಳು.

"ಇಪ್ಪತ್ತು ವರ್ಷ ಸುಮ್ನಿದ್ದ ಸತ್ಯ ಇನ್ನೊಂದತ್ತು ತಿಂಗ್ಳು ಇರ್ತದೆ. ಇಳೀರಿ ಕೆಳಕ್ಕೆ."

ಇಳಿದೆ. ಕಾಯುವ ಹೊತ್ತಿನಲ್ಲಿ ಸುಮ್ಮನಿರಲಾಗದೆ, ಕಾಲೇಜಿನಲ್ಲಿ ವಿಡಿಯೋ ಗೇಮುಗಳ ಪತನದ ಬಗ್ಗೆ ಒಂದು ಉಪನ್ಯಾಸ ಮಾಡಿದೆ. ಕಂಪನಿಗಳ ದುರಾಸೆ, ಗ್ರಾಹಕರ ಮರೆವು, ಎರಡಕ್ಕೂ ಚಪ್ಪಾಳೆ ಬಿದ್ದಿತು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು, ಅಷ್ಟು ಕೆಟ್ಟ ಆಟವನ್ನು ನೀವು ಒಂದು ಬೇಸಿಗೆ ಪೂರ್ತಿ ಯಾಕೆ ಆಡಿದಿರಿ ಸಾರ್ ಎಂದು ಕೇಳಿದಳು. ಜೊತೆಗೆ ಹುಟ್ಟು ಹಾಕುವವನೊಬ್ಬನಿದ್ದ ಎಂಬ ಉತ್ತರ ಬಾಯಿಗೆ ಬಂದಿತು. ಸಮಯವಾಯಿತು ಎಂದು ಹೇಳಿ ವೇದಿಕೆ ಇಳಿದೆ. ಆ ಉತ್ತರ ಮಾತ್ರ ಮನೆಯವರೆಗೂ ನನ್ನ ಜೊತೆ ಬಂದಿತು. ಆ ಕೆಟ್ಟ ಆಟದಲ್ಲಿ ಚೆನ್ನಾಗಿದ್ದದ್ದು ಅದೊಂದೇ, ಮತ್ತು ಅದನ್ನು ಹಾಳುಮಾಡಲು ಕಂಪನಿಯವರು ನಮ್ಮ ಮನೆಗೆ ಬಂದಿರಲಿಲ್ಲ.

ಕಾಯಿ ಇಳಿಸುವ ದಿನ ಬಂದಿತು. ಸುಲಿಯುವವರ ಜೊತೆ ಪರಮೇಶನೂ ಬಂದ, ಈಗ ಹಣ್ಣಾಗಿರುವ ಚಿಕ್ಕಪ್ಪನನ್ನೂ ಕರೆತಂದಿದ್ದ. ಅಟ್ಟ ಖಾಲಿಯಾಗಿ ಡಬ್ಬ ಕೆಳಗೆ ಬಂದಿತು. ಅದನ್ನು ತೆರೆಯದೆ ಪಕ್ಕಕ್ಕಿಟ್ಟು, ಜಗಲಿಯಲ್ಲಿ ಕೂತಿದ್ದ ಚಿಕ್ಕಪ್ಪನ ಮುಂದೆ ನಿಂತು, ಅವತ್ತಿನ ಏಟು ನನಗೆ ಬೀಳಬೇಕಿತ್ತು, ಮೊದಲು ಮೋಸ ಮಾಡಿದವನು ನಾನು ಎಂದು ಹೇಳಿದೆ. ಆಧಾರವಿಲ್ಲದೆ ನಾನು ಒಪ್ಪಿಕೊಂಡ ಮೊದಲ ಮಾತು ಅದು. ಚಿಕ್ಕಪ್ಪ ಇಬ್ಬರ ಮುಖವನ್ನೂ ನೋಡಿದರು.

"ಯಾವ ಏಟು? ನಾನ್ಯಾವತ್ತ್ಲಾ ಇವನ್ಗೆ ಹೊಡ್ದಿದ್ದೀನಿ?"

ಪರಮೇಶನಿಗೆ ನಗು ತಡೆಯಲಾಗಲಿಲ್ಲ. "ನೋಡಣ್ಣ," ಎಂದ, "ನಾನು ಅಳ್ಸಿದ್ದು ಒಂದ್ ಆಟ. ಈಯಪ್ಪ ನನ್ ಏಟನ್ನೇ ಅಳ್ಸಿಬುಟ್ಟ."

ಸಂಜೆ ಎಲ್ಲರೂ ಹೋದ ಮೇಲೆ ಡಬ್ಬ ತೆಗೆದೆ. ಕ್ಷಮೆ ಕೇಳಿ ಮುಗಿದ ಮೇಲೂ ಅದರ ಅಗತ್ಯ ನಿಜವಾಗಿ ಇತ್ತೇ ಎಂದು ಪರಿಶೀಲಿಸುವ ಮನುಷ್ಯನ ಬಗ್ಗೆ ನೀವು ಏನು ಬೇಕಾದರೂ ಅಂದುಕೊಳ್ಳಬಹುದು. ಇಲಿ ಒಂದು ಮೂಲೆ ತಿಂದಿತ್ತು, ರಾಜನ ಮುಖ ಮಾಸಿತ್ತು, ಹಿಂಬದಿಯ ಅಕ್ಷರಗಳು ಮಾತ್ರ ಸ್ಪಷ್ಟವಾಗಿದ್ದವು. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ, ಗಿರಿಜೆಯ ಕೈಯಲ್ಲೂ ಒಮ್ಮೆ ಓದಿಸಿದೆ. ನಾಲ್ಕನೇ ಭಾಗವನ್ನು ಏಕಕಾಲಕ್ಕೆ ಆಡಬಹುದಾದವರ ಸಂಖ್ಯೆ ಒಂದು.